ಚಕಾರ ಎತ್ತುವುದು: ‘ಡಿಮರ್’ ಎಂಬ ಇಂಗ್ಲಿಷ್ ಪದದ ಅರ್ಥ ಮತ್ತು ಬಳಕೆ



ದಾಂಡೇಲಿಯ ಕಾಲೇಜೊಂದರ ವಿದ್ಯಾರ್ಥಿಗಳು ಗಣೇಶಗುಡಿಗೆ ಒಂದು ದಿನದ ಪ್ರವಾಸ ಹೋಗಿದ್ದಾರೆ ಎಂದುಕೊಳ್ಳಿ. ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ನದಿ ಬಂಡೆಗಳ ನಡುವೆ ನೊರೆಯೆಬ್ಬಿಸಿ ಹರಿಯುತ್ತಿದೆ. ದಡದಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿ ಸಿದ್ಧವಾಗಿದೆ. ಎಲ್ಲರಿಗೂ ಜೀವರಕ್ಷಕ ಜಾಕೀಟು ಹಂಚಿದ್ದಾಗಿದೆ. ಜೊತೆಗೆ ಬಂದ ಅಧ್ಯಾಪಕಿ, “ಬರ್ರಿ, ಎಲ್ಲಾರೂ ಲಗೂನ ಹತ್ತರಿ” ಎನ್ನುತ್ತಾರೆ. ಒಬ್ಬ ಹುಡುಗಿ ಮಾತ್ರ ದೋಣಿಯ ಅಂಚಿಗೆ ಬಂದು ನಿಂತುಬಿಡುತ್ತಾಳೆ.

“ಮೇಡಮ್, ಹತ್ತಾಕ ನಂದೇನ ತಕರಾರಿಲ್ರಿ. ಆದ್ರ ನನಗ ಈಜಾಕ ಬರೂದಿಲ್ಲ. ಈ ಜಾಕೀಟಿನ ಬಕಲ್ ನೋಡಿದ್ರ ಮುರದಂಗ ಕಾಣ್ತೈತ್ರಿ...”

ಇಷ್ಟು ಹೇಳಿ ಆಕೆ ಸುಮ್ಮನಾಗುತ್ತಾಳೆ. ಆಕೆ ‘ನಾನು ಹತ್ತುವುದಿಲ್ಲ’ ಎಂದಳೇ? ಇಲ್ಲ. ಜಗಳ ತೆಗೆದಳೇ? ಅದೂ ಇಲ್ಲ. ಹಾಗಾದರೆ ಒಪ್ಪಿದಳೇ? ಒಪ್ಪಲೂ ಇಲ್ಲ. ‘ತಕರಾರಿಲ್ಲ’ ಎಂಬ ಮಾತಿನಿಂದಲೇ ಆರಂಭಿಸಿ, ಬಹಳ ಮರ್ಯಾದೆಯಿಂದ ಒಂದು ತಕರಾರನ್ನು ಮುಂದಿಟ್ಟಳು. ಅವಳು ಮಾಡಿದ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಪುಟ್ಟ ಕ್ರಿಯಾಪದವಿದೆ. ಅದೇ ‘ಡಿಮರ್’.

ಮೊದಲು ಉಚ್ಚಾರಣೆಯನ್ನು ನೋಡಿಬಿಡೋಣ. ಈ ಪದದ ಅಕ್ಷರಗಳು ಐದು: ಡಿ, ಇ, ಎಂ, ಯು, ಆರ್. ಒತ್ತು ಬೀಳುವುದು ಎರಡನೆಯ ಭಾಗದ ಮೇಲೆ, ಡಿ-ಮರ್ ಎಂದು. ‘ನರ್ಸ್’, ‘ಟರ್ನ್’ ಎನ್ನುವಾಗ ಬರುವ ಸ್ವರವೇ ಇಲ್ಲೂ ಬರುತ್ತದೆ. ಭೂತಕಾಲದಲ್ಲಿ ‘ಆರ್’ ಅಕ್ಷರ ಇಮ್ಮಡಿಯಾಗಿ, ಕೊನೆಗೆ ‘ಇ’, ‘ಡಿ’ ಸೇರಿ ‘ಡಿಮರ್ಡ್’ ಆಗುತ್ತದೆ. ಇದೇ ಪದ ನಾಮಪದವಾಗಿಯೂ ನಿಲ್ಲಬಲ್ಲದು. ನಾಮಪದವಾಗಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ‘ವಿದೌಟ್ ಡಿಮರ್’ ಎಂಬ ಜೋಡಿಯಲ್ಲಿ. ಈ ಜೋಡಿಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಅದರ ಬಗ್ಗೆ ಬಹಳ ಹೇಳುವುದಿದೆ.

ಅರ್ಥಕ್ಕೆಂದು ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದರೆ ‘ಆಕ್ಷೇಪಿಸು’, ‘ಹಿಂಜರಿ’, ‘ಅನುಮಾನಿಸು’ ಮುಂತಾದ ಪದಗಳು ಸಿಗುತ್ತವೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಯಾವುದೊಂದೂ ಸಾಲದು. ‘ಆಕ್ಷೇಪಿಸು’ ಎಂದರೆ ಎದ್ದು ನಿಂತು ಮಾತಾಡಿದಂತೆ ಕೇಳುತ್ತದೆ; ‘ಡಿಮರ್’ನಲ್ಲಿ ಅಷ್ಟು ದನಿಯಿಲ್ಲ. ‘ಹಿಂಜರಿ’ ಎಂದರೆ ಮನಸ್ಸಿನೊಳಗೆ ಅಳುಕಿದರೂ ಸಾಕು, ಬಾಯಿ ಬಿಡಬೇಕಾಗಿಲ್ಲ; ‘ಡಿಮರ್’ ಮಾಡುವವರು ಸಾಮಾನ್ಯವಾಗಿ ಆ ಅಳುಕನ್ನು ಹೇಗೋ ತೋರಗೊಡುತ್ತಾರೆ. ಹಿಂಜರಿಕೆಯೂ ಇರಬೇಕು, ಅದು ಇನ್ನೊಬ್ಬರಿಗೆ ತಿಳಿಯಲೂ ಬೇಕು, ಆದರೆ ಮರ್ಯಾದೆ ಮೀರಬಾರದು. ಈ ಮೂರೂ ಕೂಡಿದರೆ ‘ಡಿಮರ್’.

ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಅದು ಇರುವ ರೀತಿ ಸ್ವಲ್ಪ ವಿಚಿತ್ರ. ‘ಚಕಾರ ಎತ್ತದೆ ಒಪ್ಪಿಕೊಂಡ’, ‘ಮರುಮಾತಾಡದೆ ಹೊರಟ’, ‘ತುಟಿ ಪಿಟಕ್ಕೆನ್ನದೆ ಸಹಿ ಹಾಕಿದ’ ಎಂಬ ಮಾತುಗಳನ್ನು ನೀವು ದಿನವೂ ಕೇಳುತ್ತೀರಿ. ಇವೆಲ್ಲ ‘ವಿದೌಟ್ ಡಿಮರ್’ಗೆ ಅಚ್ಚುಕಟ್ಟಾದ ಕನ್ನಡ. ಆದರೆ ಈ ನುಡಿಗಟ್ಟುಗಳನ್ನು ಇನ್ನೊಮ್ಮೆ ಗಮನಿಸಿ. ಎಲ್ಲವೂ ‘ಇಲ್ಲ’ ಎಂಬ ರೂಪದಲ್ಲಿವೆ. ‘ಅವಳು ಚಕಾರ ಎತ್ತಿದಳು’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ‘ಅವನು ತುಟಿ ಪಿಟಕ್ಕೆಂದ’ ಎಂದು? ಚಕಾರ ಎತ್ತದವರ ಬಗ್ಗೆ ನಮಗೆ ನುಡಿಗಟ್ಟಿದೆ, ಎತ್ತಿದವರ ಬಗ್ಗೆ ಇಲ್ಲ. ಹಿರಿಯರೆದುರು ಸುಮ್ಮನಿರುವುದನ್ನೇ ಒಳ್ಳೆಯ ನಡತೆಯೆಂದು ಬಹುಕಾಲ ಎಣಿಸಿದ ಸಮಾಜದಲ್ಲಿ ಹೀಗಾದದ್ದು ಸಹಜವೆಂದು ನನಗೆ ತೋರುತ್ತದೆ. ಹಾಗೆಂದು ಇಂಗ್ಲಿಷಿನವರು ನಮಗಿಂತ ಧೈರ್ಯಶಾಲಿಗಳೆಂದು ತಿಳಿಯಬೇಡಿ. ಅವರಲ್ಲಿಯೂ ಈ ನಾಮಪದ ‘ವಿದೌಟ್’ ಇಲ್ಲದೆ ಹೊರಗೆ ಬರುವುದು ಕಡಿಮೆಯೇ.

ಇನ್ನೊಂದು ಮಾತುಂಟು: ‘ಕೊಸರಾಡು’. ಹಿಡಿದ ಕೈಯಿಂದ ಬಿಡಿಸಿಕೊಳ್ಳಲು ಮೈಯನ್ನು ಅತ್ತಿತ್ತ ಎಳೆದಾಡುವುದು. ‘ಮೊದಲು ಕೊಸರಾಡಿದ, ಆಮೇಲೆ ಒಪ್ಪಿದ’ ಎಂದರೆ ‘ಡಿಮರ್’ಗೆ ಬಹಳ ಹತ್ತಿರ ಬಂದೆವು. ಆದರೆ ಕೊಸರಾಟದಲ್ಲಿ ಕಾರಣ ಹೇಳಬೇಕೆಂದಿಲ್ಲ, ಮರ್ಯಾದೆಯೂ ಸ್ವಲ್ಪ ಕಡಿಮೆ. ಹಳಿಯಾಳ, ಮುಂಡಗೋಡ ಕಡೆಯ ಮಾತಿನಲ್ಲಿ ಬರುವ ‘ನೋಡೂಣಂತ್ರಿ’ ಎಂಬುದು ನನಗೆ ಇನ್ನೂ ಹತ್ತಿರವೆನಿಸುತ್ತದೆ. ಸಭೆಯಲ್ಲಿ ಒಬ್ಬ ಹಿರಿಯರು ‘ನೋಡೂಣಂತ್ರಿ’ ಎಂದರೆ ಅದು ಒಪ್ಪಿಗೆಯಲ್ಲವೆಂದು ಆ ಸೀಮೆಯ ಮಗುವಿಗೂ ಗೊತ್ತು. ಹೊರಗಿನಿಂದ ಬಂದ ಅಧಿಕಾರಿಗೆ ಮಾತ್ರ ಗೊತ್ತಾಗುವುದಿಲ್ಲ!

ಈಗ ಪದದ ಬೇರಿಗೆ ಹೋಗೋಣ. ಅಲ್ಲಿ ಒಂದು ಒಳ್ಳೆಯ ಸಂಗತಿ ಕಾದಿದೆ. ಲ್ಯಾಟಿನ್ ಭಾಷೆಯಲ್ಲಿ ‘ಮೊರಾ’ ಎಂದರೆ ತಡ, ವಿಳಂಬ. ಅದರಿಂದ ‘ಡೆಮೊರಾರಿ’ ಎಂಬ ಕ್ರಿಯಾಪದ ಬಂತು. ತಡಮಾಡು, ಕಾಲುಹಾಕದೆ ನಿಲ್ಲು ಎಂದು ಅದರ ಅರ್ಥ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಇಳಿಯಿತು. ಮೊದಮೊದಲು ಇಂಗ್ಲಿಷಿನಲ್ಲಿಯೂ ‘ಡಿಮರ್’ ಎಂದರೆ ತಂಗು, ತಡೆದು ನಿಲ್ಲು ಎಂದೇ ಇತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ‘ಆಕ್ಷೇಪ ಸೂಚಿಸು’ ಎಂಬ ಈಗಿನ ಅರ್ಥ ನೆಲೆಗೊಂಡಿತು. ಅಂದರೆ ಆಕ್ಷೇಪ ಬಂದದ್ದು ಆಮೇಲೆ, ಮೊದಲಿದ್ದದ್ದು ತಡ. ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುವವನು ಏನೋ ಹೇಳಲಿಕ್ಕಿದ್ದಾನೆ ಎಂದು ಲೋಕ ಅರ್ಥಮಾಡಿಕೊಂಡಿತು. ದೋಣಿಯ ಅಂಚಿಗೆ ಬಂದು ನಿಂತ ನಮ್ಮ ಹುಡುಗಿಯನ್ನು ನೆನಪಿಸಿಕೊಳ್ಳಿ. ಅವಳು ಬಾಯಿ ತೆರೆಯುವ ಮೊದಲೇ ಅವಳ ಕಾಲು ‘ಡಿಮರ್’ ಮಾಡಿತ್ತು.

ನಮ್ಮ ‘ತಕರಾರು’ ಪದದ ಹುಟ್ಟು ಇದಕ್ಕಿಂತ ಬೇರೆ. ಅದು ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಹೇಳಿದ್ದನ್ನೇ ಹೇಳಿದರೆ ಜಗಳವಾಗದೆ ಇನ್ನೇನಾದೀತು? ಒಂದು ಭಾಷೆ ನಿಂತವನನ್ನು ನೋಡಿ ಪದ ಕಟ್ಟಿತು, ಇನ್ನೊಂದು ಬಿಡದೆ ಮಾತಾಡುವವನನ್ನು ನೋಡಿ.

‘ಮೊರಾ’ ಎಂಬ ಆ ಬೇರಿನ ಇನ್ನೊಂದು ಚಿಗುರು ‘ಮೊರಟೋರಿಯಂ’. ಸಾಲದ ಕಂತನ್ನು ಕೆಲಕಾಲ ಮುಂದೂಡಲು ಕೊಡುವ ಅವಕಾಶ ಅದು. 2020ರಲ್ಲಿ ಕೊರೊನಾ ಹಾವಳಿಯ ಸಮಯದಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ಅನುಮತಿ ಕೊಟ್ಟಾಗ ಈ ಪದ ಮನೆಮನೆಯ ಮಾತಾಯಿತು.

ಮೂರನೆಯ ಚಿಗುರನ್ನು ನೋಡಲು ದಾಂಡೇಲಿಯ ರೈಲಿನ ಬಳಿಗೇ ಬರಬೇಕು. ಅಳ್ನಾವರದಿಂದ ಕವಲೊಡೆದು ದಾಂಡೇಲಿಯ ಕಡೆಗೆ ಬರುವ ರೈಲುಮಾರ್ಗವನ್ನು ಬ್ರಿಟಿಷರ ಕಾಲದಲ್ಲಿ ಹಾಕಿದ್ದೇ ಕಾಡಿನ ಮರವನ್ನು ಹೊರಗೆ ಸಾಗಿಸಲಿಕ್ಕೆ. ಪ್ರಯಾಣಿಕರ ರೈಲು ಅಲ್ಲಿ ನಿಂತುಹೋಗಿ, ಬಹಳ ವರ್ಷಗಳ ಮೇಲೆ 2019ರ ನವೆಂಬರಿನಲ್ಲಿ ಅಂಬೇವಾಡಿಯವರೆಗೆ ಮತ್ತೆ ಓಡಿತು. ನಮಗೆ ಇಲ್ಲಿ ಬೇಕಾದದ್ದು ಪ್ರಯಾಣಿಕರಲ್ಲ, ಸರಕಿನ ವ್ಯಾಗನ್ನು. ರೈಲ್ವೆಯವರು ಒಂದು ವ್ಯಾಗನ್ನನ್ನು ತಂದು ನಿಲ್ಲಿಸಿದರೆ ಸರಕು ತುಂಬಲು ಅಥವಾ ಇಳಿಸಲು ಇಷ್ಟು ಗಂಟೆ ಎಂದು ಪುಕ್ಕಟೆ ಅವಧಿ ಕೊಡುತ್ತಾರೆ. ಆ ಅವಧಿ ದಾಟಿದರೆ ವ್ಯಾಗನ್ನಿಗೆ ಗಂಟೆಗೆ ಇಷ್ಟೆಂದು ದಂಡ ಬೀಳುತ್ತದೆ. ಆ ದಂಡದ ಹೆಸರು ‘ಡೆಮರೇಜ್’. ಬಂದರಿನಲ್ಲಿ ಹಡಗನ್ನು ತಡೆದು ನಿಲ್ಲಿಸಿಕೊಂಡರೂ ಇದೇ ಹೆಸರಿನ ದಂಡ. ಇಳಿಸಿದ ಸರಕನ್ನು ರೈಲ್ವೆಯ ಜಾಗದಿಂದ ಹೊತ್ತಿಗೆ ಸರಿಯಾಗಿ ಎತ್ತದಿದ್ದರೆ ಬೀಳುವುದು ಬೇರೆ ಶುಲ್ಕ, ಅದು ‘ವಾರ್ಫೇಜ್’. ಕೆಲವರು ಡೆಮರೇಜನ್ನು ‘ಡ್ಯಾಮೇಜ್’ ಎಂದು ಕೇಳಿಸಿಕೊಂಡು, ಸರಕು ಒಡೆದುದಕ್ಕೆ ಕೊಡುವ ಪರಿಹಾರವೆಂದು ತಿಳಿಯುತ್ತಾರೆ. ಅದು ತಪ್ಪು. ಇಲ್ಲಿ ಏನೂ ಒಡೆದಿಲ್ಲ, ತಡವಾಗಿದೆ ಅಷ್ಟೆ.

ಹೀಗೆ ಒಂದೇ ಬೇರಿನಿಂದ ಬಂದ ಒಂದು ಪದ ಮನುಷ್ಯ ತಡೆದು ನಿಂತದ್ದನ್ನು ಹೇಳುತ್ತದೆ, ಇನ್ನೊಂದು ಗಾಡಿಯನ್ನು ತಡೆದು ನಿಲ್ಲಿಸಿದ್ದಕ್ಕೆ ತೆರುವ ಬೆಲೆಯನ್ನು ಹೇಳುತ್ತದೆ.

ನ್ಯಾಯಾಲಯದಲ್ಲಿ ‘ಡಿಮರರ್’ ಎಂಬ ಪದವೂ ಉಂಟು. ಎದುರಾಳಿ ಹೇಳಿದ ಸಂಗತಿಗಳೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ. ಆದರೂ ಕಾನೂನಿನ ಪ್ರಕಾರ ಅವರಿಗೆ ಪರಿಹಾರ ಸಿಗುವಂತಿಲ್ಲ, ಆದ್ದರಿಂದ ಈ ದಾವೆ ಮುಂದುವರಿಯಬಾರದು ಎಂದು ವಾದಿಸುವುದೇ ಡಿಮರರ್. ಇಂಗ್ಲೆಂಡಿನ ಸಿವಿಲ್ ನ್ಯಾಯಾಲಯಗಳಲ್ಲಿ 1883ರಲ್ಲಿ ಇದನ್ನು ತೆಗೆದುಹಾಕಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಗಲೂ ಇದೆ. ನಮ್ಮ ದೇಶದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆ ಹೆಸರಿನ ಅರ್ಜಿ ಇಲ್ಲ. ಆದರೆ ದಾವೆಪತ್ರವನ್ನು ಆರಂಭದಲ್ಲಿಯೇ ತಿರಸ್ಕರಿಸಬೇಕೆಂದು ಏಳನೆಯ ಆದೇಶದ ಹನ್ನೊಂದನೆಯ ನಿಯಮದ ಕೆಳಗೆ ಕೇಳಿಕೊಳ್ಳುವಾಗ ವಕೀಲರೂ ನ್ಯಾಯಾಧೀಶರೂ ಈ ಪದವನ್ನು ಬಳಸುತ್ತಾರೆ. ಕಾನೂನು ಓದುವವರಿಗೆ ಇದು ಬೇಕು, ಉಳಿದವರು ಇದನ್ನು ಇಲ್ಲಿಗೇ ಬಿಡಬಹುದು.

ಎಲ್ಲರಿಗೂ ಬೇಕಾದ ವಿಷಯ ಬೇರೆಯಿದೆ. ‘ಡಿಮರ್’ ಮಾಡದಿದ್ದರೆ ಏನಾಗುತ್ತದೆ?

ವೃತ್ತಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರದ ಪ್ರಕಟಣೆಗಳು ಬರುವುದನ್ನು ನೀವು ನೋಡಿರಬಹುದು. ಇಂಥ ಸರ್ವೆ ನಂಬರಿನ ಜಮೀನನ್ನು ನನ್ನ ಕಕ್ಷಿದಾರರು ಖರೀದಿಸಲಿದ್ದಾರೆ. ಯಾರದಾದರೂ ತಂಟೆ ತಕರಾರು ಇದ್ದಲ್ಲಿ ಇಷ್ಟು ದಿನಗಳೊಳಗೆ ತಿಳಿಸತಕ್ಕದ್ದು. ಇಲ್ಲವಾದಲ್ಲಿ ಯಾರದೂ ತಕರಾರಿಲ್ಲವೆಂದು ಭಾವಿಸಿ ವ್ಯವಹಾರ ಮುಂದುವರಿಸಲಾಗುವುದು ಎಂಬ ಅರ್ಥದ ಒಕ್ಕಣೆ ಅದರಲ್ಲಿರುತ್ತದೆ. ಗ್ರಾಮದಲ್ಲಿ ಜಮೀನಿನ ಖಾತೆ ಬದಲಾಗುವಾಗಲೂ ಇದೇ ಕ್ರಮ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ಮ್ಯುಟೇಷನ್ ಮಾಡುವ ಮೊದಲು ನೋಟೀಸು ಹೊರಡಿಸಿ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಬಂದ ತಕರಾರನ್ನು ಬರೆದಿಡಲು ಬೇರೆ ರಿಜಿಸ್ಟರೇ ಇದೆ. ಇಲ್ಲೆಲ್ಲ ಮೌನವನ್ನು ಮೌನವೆಂದು ಲೆಕ್ಕ ಹಿಡಿಯುವುದಿಲ್ಲ. ಅದನ್ನು ಒಪ್ಪಿಗೆಯೆಂದು ಹಿಡಿಯುತ್ತಾರೆ. ಹೊತ್ತು ಮೀರಿದ ವ್ಯಾಗನ್ನಿಗೆ ದಂಡ ಬೀಳುವಂತೆ, ಹೊತ್ತು ಮೀರಿದ ಆಕ್ಷೇಪಣೆಗೂ ಬೆಲೆ ತೆರಬೇಕಾಗುತ್ತದೆ.

ಇದರ ದೊಡ್ಡ ಉದಾಹರಣೆ ನಮ್ಮ ಹುಡುಗಿ ನಿಂತ ಜಾಗದ ಬೆನ್ನಿಗೇ ಇದೆ. ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು, ಪೂರ್ತಿಯಾದದ್ದು 1987ರಲ್ಲಿ. ನಾಗಝರಿಯ ವಿದ್ಯುದಾಗಾರಕ್ಕೆ ನೀರೊದಗಿಸುವ ದೊಡ್ಡ ಸಂಗ್ರಹ ಅದರ ಹಿಂದಿದೆ. ಅದೇ ನೀರಿನಡಿಯಲ್ಲಿ ಸೂಪಾ ಎಂಬ ಹಳೆಯ ಊರೂ ಇದೆ. ಒಂದು ಕಾಲಕ್ಕೆ ಅದು ತಾಲ್ಲೂಕಿಗೇ ಹೆಸರು ಕೊಟ್ಟ ಊರು. ಆಡಳಿತ ಆಮೇಲೆ ಜೋಯಿಡಾಕ್ಕೆ ಹೋಯಿತು, ಮುಳುಗಡೆಯಾದವರಲ್ಲಿ ಬಹಳ ಮಂದಿ ರಾಮನಗರದ ಕಡೆ ಮನೆ ಕಟ್ಟಿಕೊಂಡರು.

ಆ ಕಾಲದಲ್ಲಿ ದೇಶದಲ್ಲೆಲ್ಲ ಸರ್ಕಾರ ಜಮೀನು ಪಡೆದುಕೊಳ್ಳಲು ಬಳಸುತ್ತಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ಆಕ್ಷೇಪಣೆಗೆ ಎರಡು ಬಾಗಿಲುಗಳಿದ್ದವು. ಮೊದಲನೆಯದು 1923ರಲ್ಲಿ ಸೇರಿಸಿದ ಐದು-ಎ ಕಲಂ. ಸರ್ಕಾರದ ಅಧಿಸೂಚನೆ ಹೊರಬಿದ್ದ 30 ದಿನಗಳೊಳಗೆ, ನನ್ನ ಜಮೀನು ಬೇಡಿ ಎಂದು ಬರೆದುಕೊಟ್ಟರೆ ಅಧಿಕಾರಿ ಅದನ್ನು ಕೇಳಬೇಕು. ತುರ್ತು ಎಂದು ಸರ್ಕಾರ ಹೇಳಿದರೆ ಈ ಬಾಗಿಲನ್ನು ಮುಚ್ಚುವ ಅಧಿಕಾರವೂ ಅದೇ ಕಾಯ್ದೆಯಲ್ಲಿತ್ತು.

ಎರಡನೆಯ ಬಾಗಿಲು ಬಹಳ ಚಿಕ್ಕದು, ಬಗ್ಗಿ ನೋಡದಿದ್ದರೆ ಕಾಣುವಂತಿರಲಿಲ್ಲ. ಅಧಿಕಾರಿ ಜಮೀನಿಗೆ ಬೆಲೆ ಕಟ್ಟಿ ಹಣ ಕೊಡುತ್ತಾನೆ. ರೈತನಿಗೆ ಆ ಬೆಲೆ ಕಡಿಮೆ ಎನಿಸುತ್ತದೆ. ಹದಿನೆಂಟನೆಯ ಕಲಂ ಪ್ರಕಾರ ವಿಷಯವನ್ನು ನ್ಯಾಯಾಲಯಕ್ಕೆ ಕಳುಹಿಸಿ ಎಂದು ಅವನು ಕೇಳಬಹುದು. ಅಲ್ಲಿಯವರೆಗೆ ಹಣ ಮುಟ್ಟಬಾರದೇ? ಮುಟ್ಟಬಹುದು. ಆದರೆ ಹಣ ಪಡೆಯುವಾಗ ‘ಅಂಡರ್ ಪ್ರೊಟೆಸ್ಟ್’ ಎಂದು, ಅಂದರೆ ‘ಈ ಮೊತ್ತಕ್ಕೆ ನನ್ನ ಒಪ್ಪಿಗೆಯಿಲ್ಲ, ಆಕ್ಷೇಪಣೆ ಉಳಿಸಿಕೊಂಡು ಪಡೆಯುತ್ತಿದ್ದೇನೆ’ ಎಂದು ತಿಳಿಸಿರಬೇಕು. ಹಾಗೆ ತಿಳಿಸದೆ ಹಣ ಪಡೆದವರಿಗೆ ಹದಿನೆಂಟನೆಯ ಕಲಮಿನ ಅರ್ಜಿ ಹಾಕುವ ಹಕ್ಕಿಲ್ಲವೆಂದು ಮೂವತ್ತೊಂದನೆಯ ಕಲಂ ಸ್ಪಷ್ಟವಾಗಿ ಹೇಳುತ್ತಿತ್ತು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಅಕ್ಕಪಕ್ಕದ ಇಬ್ಬರು ರೈತರು. ಗದ್ದೆಯೂ ಒಂದೇ ತರಹದ್ದು, ಕಟ್ಟಿದ ಬೆಲೆಯೂ ಒಂದೇ. ಇಬ್ಬರೂ ಒಂದೇ ದಿನ ಹಣ ಪಡೆಯುತ್ತಾರೆ. ಒಬ್ಬ ತನ್ನ ಒಪ್ಪಿಗೆಯಿಲ್ಲವೆಂದು ಒಂದು ಸಾಲು ಬರೆಸುತ್ತಾನೆ. ಇನ್ನೊಬ್ಬ, ಸಾಹೇಬರ ಎದುರು ಏನು ಮಾತಾಡುವುದೆಂದು ಮರ್ಯಾದೆಗೆ ಸುಮ್ಮನೆ ಹೆಬ್ಬೆಟ್ಟು ಒತ್ತುತ್ತಾನೆ. ಮೊದಲನೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ಬೆಲೆ ಪಡೆಯಬಹುದು. ಎರಡನೆಯವನ ಪಾಲಿಗೆ ಬಾಗಿಲು ಮುಚ್ಚಿತು. ಅವನು ‘ವಿದೌಟ್ ಡಿಮರ್’ ಹಣ ಪಡೆದ. ಮನಸ್ಸಿನಲ್ಲಿ ಅವನಿಗೂ ಅಷ್ಟೇ ಅಸಮಾಧಾನವಿತ್ತು, ಆದರೆ ಅದಕ್ಕೆ ಕಾಗದದಲ್ಲಿ ಜಾಗ ಸಿಗಲಿಲ್ಲ. ‘ಹಿಂಜರಿ’ ಎಂಬ ಕನ್ನಡ ಪದ ‘ಡಿಮರ್’ಗೆ ಸಾಲದು ಎಂದು ಆಗಲೇ ಹೇಳಿದೆನಲ್ಲ, ಅದು ಬರಿಯ ನಿಘಂಟಿನ ಚರ್ಚೆಯಲ್ಲ.

ಈ ಅನ್ಯಾಯ ಸರ್ಕಾರಕ್ಕೂ ಕಾಣದೆ ಹೋಗಲಿಲ್ಲ. 1984ರ ತಿದ್ದುಪಡಿಯಲ್ಲಿ ಇಪ್ಪತ್ತೆಂಟು-ಎ ಎಂಬ ಹೊಸ ಕಲಂ ಸೇರಿಸಿದರು. ಒಂದೇ ಅಧಿಸೂಚನೆಯಡಿ ಜಮೀನು ಕೊಟ್ಟ ನೆರೆಯವನಿಗೆ ನ್ಯಾಯಾಲಯ ಬೆಲೆ ಹೆಚ್ಚಿಸಿದರೆ, ತಾನು ಕೋರ್ಟಿಗೆ ಹೋಗದವನೂ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ತನ್ನ ಬೆಲೆಯನ್ನು ಮತ್ತೆ ನಿಗದಿಮಾಡಿಸಿಕೊಳ್ಳಬಹುದು. ತಮ್ಮ ಮಾತನ್ನು ತಾವು ಹೇಳಿಕೊಳ್ಳಲಾರದ ಬಡವರು ಕೋರ್ಟಿನ ಹಾದಿಯನ್ನು ಹಿಡಿಯುವುದೇ ಕಡಿಮೆ ಎಂಬುದನ್ನು ಈ ತಿದ್ದುಪಡಿಗೆ ಕಾರಣವೆಂದು ಕೊಟ್ಟಿದ್ದರು. ಆದರೆ ಇದಕ್ಕೂ ಮೂರು ತಿಂಗಳ ಗಡುವಿತ್ತು ಎಂಬುದನ್ನು ಗಮನಿಸಿ. ಹೇಳಿಕೊಳ್ಳಲಾರದವರಿಗಾಗಿ ಮಾಡಿದ ಕಲಮಿನಲ್ಲಿಯೂ ಹೊತ್ತಿಗೆ ಸರಿಯಾಗಿ ಹೇಳಿಕೊಳ್ಳಲೇಬೇಕಿತ್ತು.

1894ರ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ 2013ರ ಕಾಯ್ದೆ ಬಂದು 2014ರ ಜನವರಿ 1ರಿಂದ ಜಾರಿಯಾಯಿತು. ಅದರಲ್ಲಿ ಆಕ್ಷೇಪಣೆಯ ಅವಧಿ 60 ದಿನ. ಪರಿಹಾರದ ಹಣವನ್ನು ಆಕ್ಷೇಪಣೆಯೊಡನೆ ಪಡೆಯುವ ನಿಯಮ ಮಾತ್ರ ಹೊಸ ಕಾಯ್ದೆಯಲ್ಲಿಯೂ ಹಾಗೆಯೇ ಉಳಿದಿದೆ. ನಿಮ್ಮ ಊರಿನಲ್ಲಿ ರಸ್ತೆಗೋ ಕಾಲುವೆಗೋ ಯಾರದಾದರೂ ಜಮೀನು ಹೋಗುವುದಿದ್ದರೆ, ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನೀವೊಬ್ಬರೇ ಇದ್ದರೂ ಇರಬಹುದು.

ಇನ್ನು ‘ವಿದೌಟ್ ಡಿಮರ್’ ಎಂಬ ಜೋಡಿಯನ್ನು ಅದೇ ಮಾತುಗಳಲ್ಲಿ ಕಾಣಬೇಕಾದರೆ ಬ್ಯಾಂಕ್ ಗ್ಯಾರಂಟಿಯ ಕಾಗದವನ್ನು ನೋಡಬೇಕು. ಸರ್ಕಾರದ ಕೆಲಸ ಹಿಡಿಯುವ ಗುತ್ತಿಗೆದಾರ, ಅದು ಸೇತುವೆಯಿರಲಿ ಕಟ್ಟಡವಿರಲಿ, ಬ್ಯಾಂಕಿನಿಂದ ಒಂದು ಗ್ಯಾರಂಟಿ ತಂದುಕೊಡಬೇಕಾಗುತ್ತದೆ. ಸರ್ಕಾರದ ಇಂಥ ನಮೂನೆಗಳಲ್ಲಿ, ಸರ್ಕಾರ ಕೇಳಿದ ಮಾತ್ರಕ್ಕೆ ‘ವಿದೌಟ್ ಎನಿ ಡಿಮರ್’ ಹಣ ಕೊಡುತ್ತೇವೆ ಎಂದು ಬ್ಯಾಂಕು ಬರೆದುಕೊಡುತ್ತದೆ. ಅಂದರೆ, ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ, ತಪ್ಪು ಯಾರದು, ಇದನ್ನೆಲ್ಲ ನಾವು ಕೇಳುವುದಿಲ್ಲ. ನಿಮ್ಮ ಪತ್ರ ಬಂದರೆ ಸಾಕು, ಚಕಾರ ಎತ್ತದೆ ಹಣ ಕೊಡುತ್ತೇವೆ. ಗುತ್ತಿಗೆದಾರ ತಡೆ ಕೋರಿ ಕೋರ್ಟಿಗೆ ಓಡಿದರೂ ಸಾಮಾನ್ಯವಾಗಿ ತಡೆ ಸಿಗುವುದಿಲ್ಲ. ಉತ್ತರ ಪ್ರದೇಶದ ಸಹಕಾರ ಒಕ್ಕೂಟಕ್ಕೂ ಸಿಂಗ್ ಕನ್ಸಲ್ಟೆಂಟ್ಸ್ ಎಂಬ ಕಂಪನಿಗೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1987ರಲ್ಲಿ ಇದನ್ನು ವಿವರವಾಗಿ ಹೇಳಿತು. ಢಾಳಾದ ವಂಚನೆ ಅಥವಾ ಮುಂದೆ ಸರಿಪಡಿಸಲಾಗದಂಥ ಅನ್ಯಾಯ ಇದ್ದರಷ್ಟೇ ತಡೆ, ಇಲ್ಲವಾದರೆ ಬ್ಯಾಂಕು ಕೊಟ್ಟ ಮಾತಿನಂತೆ ನಡೆಯಬೇಕು ಎಂಬುದು ಇಂಥ ತೀರ್ಪುಗಳ ಸಾರ. ಕೋಟಿಗಟ್ಟಲೆ ರೂಪಾಯಿ ಈ ಐದಕ್ಷರದ ಪದದ ಮೇಲೆ ನಿಂತಿರುತ್ತದೆ. ನಾಳೆ ನೀವು ಇಂಜಿನಿಯರೋ ಬ್ಯಾಂಕಿನ ಗುಮಾಸ್ತರೋ ಆದಾಗ ಈ ಸಾಲು ನಿಮ್ಮ ಮೇಜಿನ ಮೇಲೆ ಬರುತ್ತದೆ. ಅದನ್ನು ‘ತಡಮಾಡದೆ’ ಎಂದಷ್ಟೇ ಓದಿಕೊಂಡರೆ ಅರ್ಧ ತಿಳಿದಂತೆ.

ಬಳಕೆಯ ಬಗ್ಗೆ ಇನ್ನು ಕೆಲವು ಮಾತು.

‘ಡಿಮರ್’ ಮಾಡುವುದು ಒಂದು ಸಲಹೆಗೆ, ಬೇಡಿಕೆಗೆ ಅಥವಾ ಪ್ರಸ್ತಾಪಕ್ಕೆ. ಆದ್ದರಿಂದ ಅದರ ಮುಂದೆ ‘ಅಟ್’ ಅಥವಾ ‘ಟು’ ಬರುತ್ತದೆ. ‘ಹಿ ಡಿಮರ್ಡ್ ಅಟ್ ದ ಪ್ರೈಸ್’ ಎಂದರೆ ಬೆಲೆ ಕೇಳಿ ಅವನು ಅನುಮಾನಿಸಿ ಏನೋ ಹೇಳಿದ ಎಂದಾಯಿತು. ಏನೂ ಸೇರಿಸದೆ ‘ಶಿ ಡಿಮರ್ಡ್’ ಎಂದು ಪೂರ್ಣವಿರಾಮ ಇಟ್ಟರೂ ವಾಕ್ಯ ಪೂರ್ತಿಯೇ. ಆದರೆ ‘ಹಿ ಡಿಮರ್ಡ್ ಮಿ’ ಎಂದು ವ್ಯಕ್ತಿಯನ್ನು ಕರ್ಮಸ್ಥಾನದಲ್ಲಿ ಇಡಬೇಡಿ. ‘ಅವನು ನನ್ನನ್ನು ಆಕ್ಷೇಪಿಸಿದ’ ಎಂಬ ಕನ್ನಡದಿಂದ ಈ ತಪ್ಪು ಹುಟ್ಟುತ್ತದೆ.

ನೆರೆಹೊರೆಯ ಪದಗಳಲ್ಲಿ ‘ಆಬ್ಜೆಕ್ಟ್’ ಎಂದರೆ ನೇರವಾಗಿ ಆಕ್ಷೇಪಿಸುವುದು. ‘ಪ್ರೊಟೆಸ್ಟ್’ ಅದಕ್ಕಿಂತ ಜೋರು. ಬೀದಿಗಿಳಿದರೂ ಅದೇ ಪದ, ರಶೀದಿಯ ಮೇಲೆ ಬರೆದರೂ ಅದೇ. ‘ರಿಫ್ಯೂಸ್’ ಎಂದರೆ ಮಾತು ಮುಗಿಯಿತು, ಒಲ್ಲೆ ಎಂದಾಯಿತು. ‘ಡಿಸೆಂಟ್’ ಎಂದರೆ ಬೇರೆಯವರು ತೀರ್ಮಾನಿಸಿದ ಮೇಲೂ ತನ್ನ ಅಭಿಪ್ರಾಯ ಬೇರೆ ಎಂದು ದಾಖಲಿಸುವುದು. 1976ರಲ್ಲಿ ತುರ್ತು ಪರಿಸ್ಥಿತಿಯ ಕಾಲದ ಜಬಲ್ಪುರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರೊಬ್ಬರೇ ಉಳಿದ ನಾಲ್ವರಿಗೆ ಭಿನ್ನವಾಗಿ ತೀರ್ಪು ಬರೆದದ್ದು ‘ಡಿಸೆಂಟ್’. ಅದನ್ನು ‘ಡಿಮರ್’ ಎಂದರೆ ಅವರಿಗೆ ಅಪಚಾರವಾದೀತು. ‘ಡಿಮರ್’ಗೆ ಜಾಗ ಇರುವುದು ತೀರ್ಮಾನಕ್ಕೆ ಮೊದಲು, ಇನ್ನೂ ಮಾತು ಬದಲಾಗುವ ಅವಕಾಶ ಇರುವಾಗ. ಆದ್ದರಿಂದಲೇ ‘ಕೂಗಾಡುತ್ತ ಡಿಮರ್ ಮಾಡಿದ’ ಎಂದು ಬರೆದರೆ ಇಂಗ್ಲಿಷ್ ಬಲ್ಲವರು ನಗುತ್ತಾರೆ.

ಇನ್ನೊಂದು ಎಡವಟ್ಟು ಕಾಗುಣಿತದ್ದು. ಈ ಪದದ ಕೊನೆಗೆ ಒಂದು ‘ಇ’ ಸೇರಿಸಿದರೆ ‘ಡಿಮ್ಯೂರ್’ ಆಗುತ್ತದೆ. ಅದು ಗುಣವಾಚಕ. ಸಂಕೋಚ ಸ್ವಭಾವದ, ಮಾತು ಕಡಿಮೆಯಾದ, ತಗ್ಗಿ ನಡೆಯುವ ಎಂದು ಅರ್ಥ; ಹೆಚ್ಚಾಗಿ ಹೆಣ್ಣುಮಕ್ಕಳ ಬಗ್ಗೆ ಬಳಸುತ್ತ ಬಂದಿದ್ದಾರೆ. ಅದರ ಹುಟ್ಟಿನ ಬಗ್ಗೆ ನಿಘಂಟುಕಾರರಲ್ಲಿ ಒಮ್ಮತವಿಲ್ಲ. ಅದೂ ‘ಡಿಮರ್’ನ ಬೇರಿನಿಂದಲೇ ಬಂದಿರಬಹುದು ಎನ್ನುವವರಿದ್ದಾರೆ, ‘ಪಕ್ವವಾದ’ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದಿತೆನ್ನುವವರೂ ಇದ್ದಾರೆ. ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಅರ್ಥ ತಿರುವುಮುರುವಾಗುತ್ತದೆ. ‘ಡಿಮ್ಯೂರ್’ ಎನಿಸಿಕೊಂಡ ಹುಡುಗಿ ‘ಡಿಮರ್’ ಮಾಡುವುದಿಲ್ಲ ಎಂದು ತಿಳಿದವರೂ ಇದ್ದಾರೆ. ಗಣೇಶಗುಡಿಯಲ್ಲಿ ನಿಂತ ನಮ್ಮ ಹುಡುಗಿಯ ಸ್ವಭಾವ ಎಂಥದ್ದೋ, ಆದರೆ ಅವಳು ಮಾತಾಡಿದಳು.

ಅವಳನ್ನು ದಡದಲ್ಲಿಯೇ ನಿಲ್ಲಿಸಿ ಬಂದಿದ್ದೇವೆ. ಮುಂದೆ ಏನಾಯಿತೆಂದು ಮೂರು ರೀತಿಯಾಗಿ ಊಹಿಸಿ, ಪ್ರತಿಯೊಂದಕ್ಕೂ ಒಂದೊಂದು ಇಂಗ್ಲಿಷ್ ವಾಕ್ಯ ಬರೆಯಿರಿ. ಒಂದು: ಅಧ್ಯಾಪಕಿ, “ಅಯ್ಯ, ಏನೂ ಆಗಂಗಿಲ್ಲ ಬಾರವಾ” ಎಂದರು, ಅವಳು ಹಾಗೆಯೇ ಹತ್ತಿದಳು. ಇಲ್ಲಿ ‘ಡಿಮರ್ಡ್ ಅಟ್ ಫಸ್ಟ್’ ಸರಿಯಾಗಿ ಕೂಡುತ್ತದೆ. ಎರಡು: ಅವಳು ಜಾಕೀಟು ಬಿಚ್ಚಿಟ್ಟು, ಬರುವುದೇ ಇಲ್ಲವೆಂದು ಬಸ್ಸಿನತ್ತ ಹೋದಳು. ಇಲ್ಲಿ ‘ಡಿಮರ್’ ಸಲ್ಲದು, ‘ರಿಫ್ಯೂಸ್’ ಬೇಕು. ಮೂರು: ಅಧ್ಯಾಪಕಿ ಬಕಲನ್ನು ತಾವೇ ಎಳೆದು ನೋಡಿದರು. ಅದು ಕೈಗೆ ಬಂತು. “ಅಣ್ಣಾರ, ಇಕಿಗೆ ಬ್ಯಾರೆ ಜಾಕೀಟ್ ಕೊಡ್ರಿ, ಉಳದವ್ನೂ ಒಮ್ಮೆ ನೋಡ್ಬಿಡ್ರಿ” ಎಂದು ದೋಣಿಯವನಿಗೆ ಹೇಳಿದರು. ದೋಣಿ ಹತ್ತು ನಿಮಿಷ ತಡವಾಗಿ ಹೊರಟಿತು.